ಟಿಪ್ಪಣಿಗೂ ಒಂದು ಅಂಕಿತ ಬೇಕು

ಹೋದ ವರ್ಷ ನೀವು ಬರೆದುಕೊಂಡ ಟಿಪ್ಪಣಿಗಳು ಈಗ ಎಲ್ಲಿವೆ? ಕೆಲವು ನೋಟ್‌ಬುಕ್ಕಿನಲ್ಲಿ, ಕೆಲವು ಮೊಬೈಲಿನಲ್ಲಿ, ಕೆಲವು ಗೆಳೆಯರಿಗೆ ಕಳಿಸಿದ ಸಂದೇಶಗಳ ನಡುವೆ ಇರಬಹುದು. ಪ್ರವಾಸದಲ್ಲಿ ನೋಡಿದ ಶಾಸನದ ವಿವರ, ಅಜ್ಜಿ ಹೇಳಿದ ಊರಿನ ಕಥೆ, ಗ್ರಂಥಾಲಯದಲ್ಲಿ ಕಂಡ ಪುಸ್ತಕದ ಹೆಸರು, ಪ್ರಯೋಗಶಾಲೆಯ ಅಳತೆಗಳು ಹೀಗೆ ಬರೆದದ್ದಂತೂ ಬೇಕಾದಷ್ಟಿದೆ. ಬರೆದದ್ದು ನೆನಪಿದೆ, ಎಲ್ಲಿ ಬರೆದದ್ದು ಎಂಬುದು ಮಾತ್ರ ಮರೆತಿದೆ. ಬೇಕಾದಾಗ ಸಿಗದ ಮಾಹಿತಿ ಇಲ್ಲದ ಮಾಹಿತಿಗೆ ಸಮ.

ಈ ತೊಂದರೆಗೆ ದೊಡ್ಡ ಖರ್ಚಿಲ್ಲದ ಪರಿಹಾರವೊಂದಿದೆ. ಗಣಕದಲ್ಲಿ ಟೆಕ್ಸ್ಟ್ ಎಡಿಟರ್ ಎಂಬ ಸರಳ ತಂತ್ರಾಂಶವಿರುತ್ತದೆ. ಅದರಲ್ಲಿ ಚಿಕ್ಕ ಚಿಕ್ಕ ಟಿಪ್ಪಣಿಗಳನ್ನು ಬರೆದು, ಒಂದಕ್ಕೊಂದು ಕೊಂಡಿ ಹಾಕುತ್ತ ಹೋಗುವುದೇ ಆ ಪರಿಹಾರ. ಹೇಳಲು ಸುಲಭವಾದರೂ ಕನ್ನಡದಲ್ಲಿ ಇದನ್ನು ಮಾಡುವಾಗ ಕೆಲವು ವಿಶೇಷ ಎಚ್ಚರಿಕೆಗಳು ಬೇಕು. ಅವು ಯಾವುವು ಎಂಬುದನ್ನು ಹಾವೇರಿ ಜಿಲ್ಲೆಯ ಕಾಗಿನೆಲೆಯ ಉದಾಹರಣೆಯಿಂದಲೇ ತಿಳಿಯೋಣ.

ಅಂಕಿತ ಮಾಡುವ ಕೆಲಸ

ಕಾಗಿನೆಲೆ ಇರುವುದು ಬ್ಯಾಡಗಿ ತಾಲೂಕಿನಲ್ಲಿ. 16ನೆಯ ಶತಮಾನದ ಕನಕದಾಸರಿಂದಾಗಿ ಈ ಊರಿನ ಹೆಸರು ನಾಡಿನ ಮನೆಮನೆಗೂ ಗೊತ್ತು. ಅವರ ಕೀರ್ತನೆಗಳ ಕೊನೆಯಲ್ಲಿ 'ಕಾಗಿನೆಲೆಯಾದಿಕೇಶವ' ಎಂಬ ಅಂಕಿತ ಬರುತ್ತದೆ. ಬಸವಣ್ಣನವರಿಗೆ 'ಕೂಡಲಸಂಗಮದೇವ', ಅಲ್ಲಮಪ್ರಭುವಿಗೆ 'ಗುಹೇಶ್ವರ', ಪುರಂದರದಾಸರಿಗೆ 'ಪುರಂದರವಿಠಲ' ಇದ್ದಂತೆ ಇದು ಕನಕದಾಸರದು.

ಅಂಕಿತ ಮೊದಲಿಗೆ ಭಕ್ತಿಯ ಮಾತು. ಅದರ ಜೊತೆಗೆ ಅದು ಇನ್ನೊಂದು ಕೆಲಸವನ್ನೂ ಮಾಡಿದೆ. ವಚನಗಳೂ ಕೀರ್ತನೆಗಳೂ ಬಾಯಿಂದ ಬಾಯಿಗೆ, ಓಲೆಗರಿಯಿಂದ ಓಲೆಗರಿಗೆ ಸಾಗಿ ಬಂದವು. ಒಂದೇ ಕಟ್ಟಿನಲ್ಲಿ ಹಲವರ ರಚನೆಗಳು ಬೆರೆತಿರುವುದುಂಟು. ಹಾಗಿದ್ದರೂ ಯಾವುದು ಯಾರದೆಂದು ಇಂದಿಗೂ ಬೇರ್ಪಡಿಸಲು ಸಾಧ್ಯವಾಗಿರುವುದು ಹೆಚ್ಚಾಗಿ ಅಂಕಿತದಿಂದ. ಗುರುತು ಹೊರಗಿನ ಪೆಟ್ಟಿಗೆಯ ಮೇಲೆ ಇರಲಿಲ್ಲ, ರಚನೆಯ ಒಳಗೇ ಇತ್ತು. ಪೆಟ್ಟಿಗೆ ಬದಲಾದರೂ ಗುರುತು ಅಳಿಯಲಿಲ್ಲ.

ಸರ್ವಜ್ಞನ ತ್ರಿಪದಿಗಳ ಕಥೆಯೂ ಇಂಥದೇ. ಹಾವೇರಿ ಜಿಲ್ಲೆಯ ಮಾಸೂರು, ಅಬಲೂರುಗಳ ಹೆಸರು ಸರ್ವಜ್ಞನೊಡನೆ ಸೇರಿಕೊಂಡಿವೆ. ಉತ್ತಂಗಿ ಚನ್ನಪ್ಪನವರು ಈ ತ್ರಿಪದಿಗಳನ್ನು ಹುಡುಕಿ ಕಲೆಹಾಕಿ, ವಿಷಯವಾರು ಹೊಂದಿಸಿ 1924ರಲ್ಲಿ ಪ್ರಕಟಿಸಿದರು. ಕೊನೆಯಲ್ಲಿ 'ಸರ್ವಜ್ಞ' ಎಂಬ ಮಾತು ಇಲ್ಲದಿದ್ದರೆ ಎಲ್ಲೆಲ್ಲೋ ಚದುರಿದ ಈ ಮೂರು ಸಾಲಿನ ಪದ್ಯಗಳನ್ನು ಒಂದೆಡೆ ತರುವುದು ಎಷ್ಟು ಕಷ್ಟವಾಗುತ್ತಿತ್ತೆಂದು ಯೋಚಿಸಿ.

ಆದರೆ ಇಲ್ಲೇ ಒಂದು ಎಚ್ಚರಿಕೆಯೂ ಇದೆ. ಅಂಕಿತವನ್ನು ಯಾರು ಬೇಕಾದರೂ ಹಾಕಬಹುದು. ಸರ್ವಜ್ಞನ ಹೆಸರಿನಲ್ಲಿ ಆಮೇಲಿನವರು ಕಟ್ಟಿ ಸೇರಿಸಿದ ತ್ರಿಪದಿಗಳು ಬಹಳ ಇವೆ ಎಂಬುದು ವಿದ್ವಾಂಸರೆಲ್ಲ ಒಪ್ಪಿದ ಮಾತು. ಗುರುತು ಹುಡುಕಲು ಸಹಾಯ ಮಾಡುತ್ತದೆ, ನಿಜವೋ ಸುಳ್ಳೋ ಎಂದು ಹೇಳುವುದಿಲ್ಲ. ಅದಕ್ಕೆ ಮೂಲ ಯಾವುದೆಂದು ಬೇರೆಯಾಗಿ ಬರೆದಿಡಬೇಕು. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟು ಗಣಕದತ್ತ ಬರೋಣ.

ಸಾದಾ ಪಠ್ಯ ಎಂದರೇನು?

ಟೆಕ್ಸ್ಟ್ ಎಡಿಟರ್ ಎಂದರೆ ಅಕ್ಷರಗಳನ್ನು ಮಾತ್ರ ಉಳಿಸುವ ತಂತ್ರಾಂಶ. ವಿಂಡೋಸ್‌ನಲ್ಲಿರುವ ನೋಟ್‌ಪ್ಯಾಡ್ ಇದಕ್ಕೆ ಸುಲಭದ ಉದಾಹರಣೆ. ಈಮ್ಯಾಕ್ಸ್, ವಿಮ್ ಮುಂತಾದವು ಇದೇ ಜಾತಿಯ ಬಲಶಾಲಿ ಉಪಕರಣಗಳು. ವರ್ಡ್ ಪ್ರೊಸೆಸರ್ ಅಕ್ಷರಗಳ ಜೊತೆ ಬಣ್ಣ, ಗಾತ್ರ, ಪುಟದ ಅಂಚು ಎಲ್ಲವನ್ನೂ ತನ್ನದೇ ರೀತಿಯಲ್ಲಿ ಕಟ್ಟಿಡುತ್ತದೆ. ಅದನ್ನು ತೆರೆಯಲು ಅಂಥದೇ ತಂತ್ರಾಂಶ ಬೇಕು. ಸಾದಾ ಪಠ್ಯಕ್ಕೆ ಆ ಹಂಗಿಲ್ಲ. ಇಂದು ಒಂದು ಎಡಿಟರಿನಲ್ಲಿ ಬರೆದದ್ದನ್ನು ಇಪ್ಪತ್ತು ವರ್ಷದ ನಂತರ ಬೇರೊಂದರಲ್ಲಿ ಓದಬಹುದು.

ಈ ಮಾತು ಕನ್ನಡಕ್ಕೆ ನಿಜವಾಗಬೇಕಾದರೆ ಒಂದು ಷರತ್ತಿದೆ. ಬರಹ ಯೂನಿಕೋಡ್‌ನಲ್ಲಿರಬೇಕು.

ಗಣಕದ ಒಳಗೆ ಅಕ್ಷರಗಳಿಲ್ಲ, ಸಂಖ್ಯೆಗಳಿವೆ. 1990ರ ದಶಕದಲ್ಲಿಯೂ ಆಮೇಲೆ ಕೆಲವು ಕಾಲವೂ ಕನ್ನಡದ ಹಲವು ಅಕ್ಷರವಿನ್ಯಾಸಗಳು, ಅಂದರೆ ಫಾಂಟ್‌ಗಳು, ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು ಅವುಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ತೋರಿಸುತ್ತಿದ್ದವು. ಪರದೆಯ ಮೇಲೆ ಕನ್ನಡ ಕಾಣುತ್ತಿತ್ತು, ಒಳಗೆ ಇದ್ದದ್ದು ಇಂಗ್ಲಿಷ್ ಅಕ್ಷರಗಳ ಗೊಂದಲ. ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಅಕ್ಷರಗಳ ಸಾಲು ಕಾಣುತ್ತದೆ. ಇಂಥ ಹಳೆಯ ಕಡತಗಳು ಇಂದಿಗೂ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಉಳಿದಿವೆ. ಅವುಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಸಿಗುತ್ತವೆ.

1991ರಲ್ಲಿ ಬಂದ ಯೂನಿಕೋಡ್ ಶಿಷ್ಟತೆಯಲ್ಲಿ ಕನ್ನಡಕ್ಕೆ ಅದರದೇ ಆದ 128 ಸ್ಥಾನಗಳ ಒಂದು ಸಾಲು ಮೀಸಲಾಯಿತು. ಕನ್ನಡದ 'ಕ' ಅಲ್ಲಿ 'ಕ' ಮಾತ್ರ, ಬೇರೆ ಯಾವುದೂ ಅಲ್ಲ. 'ಕಾಗಿನೆಲೆ' ಎಂಬ ಪದವನ್ನು ಗಣಕ ಎಂಟು ಸಂಕೇತಗಳಾಗಿ ಉಳಿಸುತ್ತದೆ: ಕ, ಆಕಾರದ ಚಿಹ್ನೆ, ಗ, ಇಕಾರದ ಚಿಹ್ನೆ, ನ, ಎಕಾರದ ಚಿಹ್ನೆ, ಲ, ಮತ್ತೆ ಎಕಾರದ ಚಿಹ್ನೆ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒಟ್ಟು 24 ಬೈಟ್. ಹತ್ತು ಲಕ್ಷ ಸಂಕೇತಗಳಷ್ಟು ಬರೆದರೂ ಸುಮಾರು 3 ಮೆಗಾಬೈಟ್ ಆದೀತು. ಮೊಬೈಲಿನಲ್ಲಿ ತೆಗೆದ ಒಂದು ಫೋಟೋದಷ್ಟು ಜಾಗ ಸಾಕು. ಕಡತ ಉಳಿಸುವಾಗ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಒಂದು ವಿಷಯಕ್ಕೆ ಒಂದು ಕಡತ

ಕಾಗಿನೆಲೆಯ ಒಬ್ಬ ವಿದ್ಯಾರ್ಥಿನಿ 'ನಮ್ಮ ಊರು' ಎಂಬ ಪ್ರಾಜೆಕ್ಟ್ ಮಾಡುತ್ತಿದ್ದಾಳೆಂದು ಭಾವಿಸೋಣ. ಎಲ್ಲವನ್ನೂ ಒಂದೇ ಉದ್ದನೆಯ ಕಡತದಲ್ಲಿ ಬರೆಯುವ ಬದಲು ಅವಳು ಆರು ಚಿಕ್ಕ ಕಡತಗಳನ್ನು ಮಾಡುತ್ತಾಳೆ: ಕನಕದಾಸರು, ಆದಿಕೇಶವ ಗುಡಿ, ಬಾಡ, ರಾಮಧಾನ್ಯಚರಿತೆ, ರಾಗಿ, ಬ್ಯಾಡಗಿ ಮೆಣಸಿನಕಾಯಿ.

ಇವುಗಳನ್ನು ಫೋಲ್ಡರುಗಳಲ್ಲಿ ಇಡಬೇಕೆಂದರೆ ತೊಡಕು ಶುರುವಾಗುತ್ತದೆ. ರಾಮಧಾನ್ಯಚರಿತೆ ಕನಕದಾಸರ ಕಾವ್ಯ. ರಾಗಿಗೂ ಅಕ್ಕಿಗೂ ಯಾರು ಶ್ರೇಷ್ಠರೆಂಬ ವಾದ ನಡೆದು, ತೀರ್ಪು ರಾಮನ ಮುಂದೆ ಹೋಗುವ ಕಥೆ ಅದರದು. ಅದನ್ನು 'ಸಾಹಿತ್ಯ' ಎಂಬ ಫೋಲ್ಡರಿನಲ್ಲಿ ಇಡಬೇಕೇ, 'ಸಮಾಜ' ಎಂಬುದರಲ್ಲೇ, 'ಬೆಳೆಗಳು' ಎಂಬುದರಲ್ಲೇ? ಒಂದು ವಸ್ತು ಒಂದೇ ಕಪಾಟಿನಲ್ಲಿ ಇರಬಲ್ಲದು, ಒಂದು ವಿಷಯಕ್ಕಾದರೋ ಹಲವು ಮುಖಗಳಿರುತ್ತವೆ.

ಗ್ರಂಥಾಲಯಗಳಿಗೆ ಈ ಸಮಸ್ಯೆ ಬಹಳ ಹಿಂದೆಯೇ ಎದುರಾಗಿತ್ತು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ ಪುಸ್ತಕದ ವಿಷಯವನ್ನು ಹಲವು ಮುಖಗಳಾಗಿ ಬಿಡಿಸಿ, ಆ ಮುಖಗಳ ಗುರುತುಗಳನ್ನು ಜೋಡಿಸಿ ಸಂಖ್ಯೆ ಕೊಡುವ ಕ್ರಮ ತಂದರು. ಮುಂದೆ ಅವರು ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ಡಾಕ್ಯುಮೆಂಟೇಶನ್ ರಿಸರ್ಚ್ ಅಂಡ್ ಟ್ರೇನಿಂಗ್ ಸೆಂಟರ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಗಣಕದಲ್ಲಿ ನಮಗೆ ಇದಕ್ಕಿಂತ ಸುಲಭದ ದಾರಿಯಿದೆ. ಎಲ್ಲ ಕಡತಗಳನ್ನೂ ಒಂದೇ ಫೋಲ್ಡರಿನಲ್ಲಿಟ್ಟು, ಸಂಬಂಧಗಳನ್ನು ಕೊಂಡಿಗಳಿಂದ ತೋರಿಸಿದರೆ ಸಾಕು.

ಕೊಂಡಿ ಹಾಕುವ ಬಗೆ

ಕೊಂಡಿ ಎಂದರೆ ಒಂದು ಟಿಪ್ಪಣಿಯ ಒಳಗೆ ಇನ್ನೊಂದು ಟಿಪ್ಪಣಿಯ ಹೆಸರನ್ನು ಗುರುತಿಟ್ಟು ಬರೆಯುವುದು. ಎರಡೆರಡು ಚೌಕ ಆವರಣಗಳ ನಡುವೆ ಹೆಸರು ಬರೆಯುವ ಪದ್ಧತಿ ಬಳಕೆಯಲ್ಲಿದೆ. ವಿಕಿಪೀಡಿಯಾದ ಪುಟಗಳನ್ನು ಬರೆಯುವವರೂ ಹೀಗೆಯೇ ಮಾಡುತ್ತಾರೆ. ನಮ್ಮ ವಿದ್ಯಾರ್ಥಿನಿ 'ಕನಕದಾಸರು' ಕಡತದಲ್ಲಿ ಹೀಗೆ ಬರೆಯುತ್ತಾಳೆ:

ಕನಕದಾಸರ ಹುಟ್ಟೂರು ಶಿಗ್ಗಾಂವಿ ತಾಲೂಕಿನ [[ಬಾಡ]]. ಅವರ ಆರಾಧ್ಯ ದೈವ [[ಆದಿಕೇಶವ ಗುಡಿ]]ಯ ಆದಿಕೇಶವ. ಕಾವ್ಯಗಳು: ಮೋಹನತರಂಗಿಣಿ, ನಳಚರಿತ್ರೆ, ಹರಿಭಕ್ತಿಸಾರ, [[ರಾಮಧಾನ್ಯಚರಿತೆ]].

ಸಾಮಾನ್ಯ ನೋಟ್‌ಪ್ಯಾಡಿನಲ್ಲಿ ಈ ಕೊಂಡಿಗಳ ಮೇಲೆ ಒತ್ತಿದರೆ ಏನೂ ಆಗದು. ಹಾಗಿದ್ದರೂ ಅವು ವ್ಯರ್ಥವಲ್ಲ. ಆ ಹೆಸರಿನ ಕಡತ ಇದೆ ಎಂದು ಓದುವವರಿಗೆ ಗೊತ್ತಾಗುತ್ತದೆ. ಕೊಂಡಿಗಳನ್ನು ಅರಿಯುವ ತಂತ್ರಾಂಶದಲ್ಲಿ ಅದೇ ಫೋಲ್ಡರನ್ನು ತೆರೆದರೆ ಒಂದು ಒತ್ತಿಗೆ ಆ ಟಿಪ್ಪಣಿ ಎದುರಿಗೆ ಬರುತ್ತದೆ. 2020ರಲ್ಲಿ ಬಂದ ಆಬ್ಸಿಡಿಯನ್ ಇಂಥದೊಂದು ತಂತ್ರಾಂಶ. ಅದು ಬರಹವನ್ನು ಸಾದಾ ಪಠ್ಯದ ಕಡತಗಳಾಗಿಯೇ ಇಡುತ್ತದೆ. ನಾಳೆ ಆ ತಂತ್ರಾಂಶ ಬೇಡವಾದರೂ ಬರಹ ನಿಮ್ಮಲ್ಲೇ ಉಳಿಯುತ್ತದೆ.

ಇದರಲ್ಲಿ ಇನ್ನೊಂದು ಅನುಕೂಲವಿದೆ. 'ರಾಗಿ' ಎಂಬ ಟಿಪ್ಪಣಿ ತೆರೆದು, ಯಾವ ಯಾವ ಟಿಪ್ಪಣಿಗಳು ಇದರ ಹೆಸರು ಹೇಳಿವೆ ಎಂದು ಕೇಳಬಹುದು. ಇದನ್ನು ಹಿಂಗೊಂಡಿ ಎನ್ನೋಣ. ನೀವು ಮುಂದಕ್ಕೆ ಮಾತ್ರ ಕೊಂಡಿ ಹಾಕಿದ್ದರೂ ಹಿಂದಕ್ಕೆ ಹೋಗುವ ದಾರಿಯನ್ನು ತಂತ್ರಾಂಶವೇ ಹುಡುಕಿಕೊಡುತ್ತದೆ. ಆ ಸೌಲಭ್ಯ ಇಲ್ಲದ ಎಡಿಟರಿನಲ್ಲಿ ಆವರಣ ಸಹಿತ [[ರಾಗಿ]] ಎಂದು ಎಲ್ಲ ಕಡತಗಳಲ್ಲೂ ಹುಡುಕಿದರೆ ಅದೇ ಫಲ ಸಿಗುತ್ತದೆ.

ಕನ್ನಡದಲ್ಲಿ ಹುಡುಕಾಟ ಏಕೆ ಸಾಲದು?

'ಗಣಕ ಎಲ್ಲವನ್ನೂ ಹುಡುಕಿಕೊಡುತ್ತದಲ್ಲ, ಕೊಂಡಿ ಹಾಕುವ ಶ್ರಮವೇಕೆ?' ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಉತ್ತರ ನಮ್ಮ ವ್ಯಾಕರಣದಲ್ಲಿದೆ.

ಎಡಿಟರಿನ ಹುಡುಕಾಟ ಅರ್ಥವನ್ನು ನೋಡುವುದಿಲ್ಲ, ಸಂಕೇತಗಳ ಸಾಲನ್ನು ಮಾತ್ರ ಹೋಲಿಸುತ್ತದೆ. 'ಕಾಗಿನೆಲೆ' ಎಂದು ಹುಡುಕಿದರೆ 'ಕಾಗಿನೆಲೆಗೆ', 'ಕಾಗಿನೆಲೆಯಲ್ಲಿ' ಎರಡೂ ಸಿಗುತ್ತವೆ. ಮೂಲ ಪದ ಅವುಗಳಲ್ಲಿ ಹಾಗೆಯೇ ಉಳಿದಿದೆ. ಈಗ 'ರಾಣೆಬೆನ್ನೂರು' ಎಂದು ಹುಡುಕಿ. 'ರಾಣೆಬೆನ್ನೂರಿನಲ್ಲಿ' ಎಂದು ಬರೆದ ಸಾಲು ಸಿಗುವುದಿಲ್ಲ! ವಿಭಕ್ತಿ ಪ್ರತ್ಯಯ ಸೇರಿದಾಗ ಕೊನೆಯ ಉಕಾರ ಹೋಗಿ ಇಕಾರ ಬಂದಿದೆ. ಉಕಾರವನ್ನು ಬಿಟ್ಟು 'ರಾಣೆಬೆನ್ನೂರ' ಎಂದು ಹುಡುಕಿದರೆ ಸಾಮಾನ್ಯವಾಗಿ ಎರಡೂ ಸಿಗುತ್ತವೆ. 'ರಾಣೇಬೆನ್ನೂರು' ಎಂದು ದೀರ್ಘ ಹಾಕಿ ಬರೆದಿದ್ದರೆ ಅದೂ ತಪ್ಪಿಹೋಗುತ್ತದೆ.

ಸಂಧಿ ಇನ್ನೂ ದೊಡ್ಡ ತೊಡಕು. 'ಆದಿಕೇಶವ' ಎಂದು ಹುಡುಕಿ ನೋಡಿ. ಕನಕದಾಸರ ಅಂಕಿತವೇ ಸಿಗುವುದಿಲ್ಲ. 'ಕಾಗಿನೆಲೆ' ಮತ್ತು 'ಆದಿಕೇಶವ' ಸೇರಿ 'ಕಾಗಿನೆಲೆಯಾದಿಕೇಶವ' ಆದಾಗ ಯಕಾರಾಗಮ ಸಂಧಿಯಾಯಿತು. 'ಆ' ಎಂಬ ಸ್ವರಾಕ್ಷರ ಮಾಯವಾಗಿ ಯಕಾರದ ಮೇಲಿನ ಚಿಹ್ನೆಯಾಯಿತು. ನಮ್ಮ ಕಿವಿಗೆ ಎರಡೂ ಒಂದೇ. ಗಣಕಕ್ಕೆ ಸ್ವರಾಕ್ಷರದ ಸಂಖ್ಯೆ ಬೇರೆ, ಚಿಹ್ನೆಯ ಸಂಖ್ಯೆ ಬೇರೆ.

ಕಣ್ಣಿಗೆ ಕಾಣದ ಮತ್ತೊಂದು ಭೇದವೂ ಇದೆ. 'ಕೊ' ಎಂಬುದರ ಒಕಾರ ಚಿಹ್ನೆಗೆ ಯೂನಿಕೋಡ್‌ನಲ್ಲಿ ಒಂದು ಸಂಕೇತವಿದೆ. ಎಕಾರದ ಚಿಹ್ನೆಯನ್ನೂ ಊಕಾರದ ಚಿಹ್ನೆಯನ್ನೂ ಒಂದರ ಮುಂದೊಂದು ಇಟ್ಟರೂ ಅದೇ ಒಕಾರವೆಂದು ಯೂನಿಕೋಡ್ ಒಪ್ಪುತ್ತದೆ. ಪರದೆಯ ಮೇಲೆ ಒಂದೇ ಅಕ್ಷರ, ಒಳಗೆ ಎರಡು ಬಗೆ. ಒಳ್ಳೆಯ ತಂತ್ರಾಂಶಗಳು ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುತ್ತವೆ. ಎಲ್ಲ ತಂತ್ರಾಂಶಗಳೂ ಹಾಗೆ ಮಾಡುತ್ತವೆ ಎಂದು ನಂಬಿ ಕೂರುವಂತಿಲ್ಲ.

ಇಲ್ಲಿಂದ ನಮಗೊಂದು ನಿಯಮ ಸಿಗುತ್ತದೆ. ವಾಕ್ಯದಲ್ಲಿ ಪದ ಹೇಗೆ ಬೇಕಾದರೂ ಬದಲಾಗಲಿ, ಆವರಣದ ಒಳಗಿನ ಹೆಸರು ಬದಲಾಗಬಾರದು. [[ರಾಣೆಬೆನ್ನೂರು]] ಎಂದು ಬರೆದು ಆವರಣದ ಹೊರಗೆ 'ಇನಲ್ಲಿ' ಎಂದು ಅಂಟಿಸಿದರೆ ಓದಲು ಚೆನ್ನಾಗಿರದು. 'ರಾಣೆಬೆನ್ನೂರಿನಲ್ಲಿ ನೋಡಿದ್ದು' ಎಂದು ವಾಕ್ಯವನ್ನು ಸಹಜವಾಗಿ ಮುಗಿಸಿ, ಕೆಳಗಿನ ಸಾಲಿನಲ್ಲಿ [[ರಾಣೆಬೆನ್ನೂರು]] ಎಂದು ಕೊಂಡಿ ಹಾಕಿದರೆ ಭಾಷೆಯೂ ಕೆಡದು, ಹುಡುಕಾಟವೂ ತಪ್ಪದು. ಕೀರ್ತನೆಯ ಮಾತು ಹೇಗೆ ಸಾಗಿದರೂ ಕೊನೆಗೆ ಅಂಕಿತ ಒಂದೇ ರೂಪದಲ್ಲಿ ಬಂದು ನಿಲ್ಲುವುದಿಲ್ಲವೇ, ಹಾಗೆ.

ನಮ್ಮ ದೂರದರ್ಶನದ ಕೆಲಸದಲ್ಲಿಯೂ ಇದರ ಅನುಭವ ದಿನವೂ ಆಗುತ್ತದೆ. ಚಿತ್ರೀಕರಿಸಿದ ದೃಶ್ಯಗಳಿಗೆ ಒಬ್ಬರು 'ಕೆರೆ' ಎಂದು, ಇನ್ನೊಬ್ಬರು 'ಟ್ಯಾಂಕ್' ಎಂದು, ಮತ್ತೊಬ್ಬರು ಊರಿನ ಹೆಸರು ಮಾತ್ರ ಬರೆದಿಟ್ಟರೆ, ಎರಡು ವರ್ಷದ ನಂತರ ಕೆರೆಗಳ ಬಗ್ಗೆ ಕಾರ್ಯಕ್ರಮ ಮಾಡುವಾಗ ಆ ದೃಶ್ಯಗಳಲ್ಲಿ ಅರ್ಧದಷ್ಟು ಕೈಗೆ ಸಿಗುವುದಿಲ್ಲ. ದೃಶ್ಯಗಳು ಕಳೆದುಹೋಗಿಲ್ಲ, ಹೆಸರುಗಳು ಹೊಂದಿಕೆಯಾಗಿಲ್ಲ ಅಷ್ಟೆ.

ಕೊಂಡಿಯಿಂದ ಹುಟ್ಟುವ ಪ್ರಶ್ನೆ

ಹುಡುಕಲು ಸುಲಭವಾಗುವುದು ಕೊಂಡಿಯ ಒಂದು ಪ್ರಯೋಜನ. ಅದಕ್ಕಿಂತ ಹೆಚ್ಚಿನದು ಇನ್ನೊಂದಿದೆ. ನಮ್ಮ ವಿದ್ಯಾರ್ಥಿನಿಯ ಎರಡು ಟಿಪ್ಪಣಿಗಳನ್ನು ನೋಡೋಣ.

'ಬ್ಯಾಡಗಿ ಮೆಣಸಿನಕಾಯಿ' ಎಂಬ ಟಿಪ್ಪಣಿಯಲ್ಲಿ ಹೀಗಿದೆ: ಗಾಢ ಕೆಂಪು ಬಣ್ಣ, ಕಡಿಮೆ ಖಾರ. ಬಣ್ಣಕ್ಕೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್, ಖಾರಕ್ಕೆ ಕಾರಣ ಕ್ಯಾಪ್ಸೈಸಿನ್. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಮೆಣಸಿನಕಾಯಿಯ ಮೂಲ ಅಮೆರಿಕ ಖಂಡ. ಪೋರ್ಚುಗೀಸರ ಮೂಲಕ ಭಾರತಕ್ಕೆ ಬಂದದ್ದು 16ನೆಯ ಶತಮಾನದಲ್ಲಿ.

'ಕನಕದಾಸರು' ಎಂಬ ಟಿಪ್ಪಣಿಯಲ್ಲಿ ಅವರ ಕಾಲ 16ನೆಯ ಶತಮಾನ ಎಂದಿದೆ.

ಎರಡೂ ಬೇರೆ ಬೇರೆ ನೋಟ್‌ಬುಕ್ಕಿನಲ್ಲಿದ್ದರೆ ಒಂದು ಸಮಾಜ ವಿಜ್ಞಾನದ್ದು, ಇನ್ನೊಂದು ಕನ್ನಡದ್ದು. ಅವು ಎಂದೂ ಭೇಟಿಯಾಗುವುದಿಲ್ಲ. ಎರಡಕ್ಕೂ [[16ನೆಯ ಶತಮಾನ]] ಎಂಬ ಕೊಂಡಿ ಹಾಕಿದಾಗ ಅವು ಅಕ್ಕಪಕ್ಕ ಬಂದು ನಿಲ್ಲುತ್ತವೆ. ಆಗ ಒಂದು ಪ್ರಶ್ನೆ ತಾನಾಗಿ ಏಳುತ್ತದೆ: ಇಂದು ಬ್ಯಾಡಗಿ ಸೀಮೆ ಎಂದರೆ ಮೆಣಸಿನಕಾಯಿ. ಕನಕದಾಸರ ಕಾಲದ ಕಾಗಿನೆಲೆಯ ಅಡುಗೆಯಲ್ಲಿ ಮೆಣಸಿನಕಾಯಿ ಇತ್ತೇ? ಇಲ್ಲದಿದ್ದರೆ ಖಾರಕ್ಕೆ ಏನು ಬಳಸುತ್ತಿದ್ದರು? 'ಮೆಣಸಿನಕಾಯಿ' ಎಂಬ ಹೆಸರಿನೊಳಗೇ 'ಮೆಣಸು', ಅಂದರೆ ಕರಿಮೆಣಸು, ಕುಳಿತಿರುವುದು ಒಂದು ಸುಳಿವಾಗಬಹುದಲ್ಲವೇ? ಈ ಪ್ರಶ್ನೆ ಎರಡು ಟಿಪ್ಪಣಿಗಳಲ್ಲಿ ಯಾವುದರಲ್ಲೂ ಇರಲಿಲ್ಲ. ಅದು ಹುಟ್ಟಿದ್ದು ಕೊಂಡಿಯಲ್ಲಿ.

ಅದೇ ರೀತಿ 'ರಾಮಧಾನ್ಯಚರಿತೆ'ಯಿಂದ 'ರಾಗಿ'ಗೆ ಹೋದರೆ ಅಲ್ಲಿ ಜೀವವಿಜ್ಞಾನದ ಮಾತು ಸಿಗುತ್ತದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಒಂದು ಸಣ್ಣ ಪಾಲು ಮಾತ್ರ. ವಿಶ್ವಸಂಸ್ಥೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿದ್ದೂ ಅದೇ ಟಿಪ್ಪಣಿಗೆ ಸೇರುತ್ತದೆ. ಕಾವ್ಯದಲ್ಲಿ ರಾಗಿಯ ಗೆಲುವು ಬಡವರ ಧಾನ್ಯದ ಗೆಲುವು, ಪೋಷಕಾಂಶದ ಲೆಕ್ಕವಲ್ಲ. ಎರಡನ್ನೂ ಒಂದೆಂದು ಬಗೆಯದೆ, ಎರಡರ ನಡುವೆ ಕೊಂಡಿ ಹಾಕಿ, ಆ ಕೊಂಡಿ ಏಕೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದಿಡುವುದು ಒಳ್ಳೆಯ ವಿದ್ಯಾರ್ಥಿಯ ಲಕ್ಷಣ. ಕಾರಣವಿಲ್ಲದ ಕೊಂಡಿ ಆರು ತಿಂಗಳಾದ ಮೇಲೆ ನಮಗೇ ಅರ್ಥವಾಗುವುದಿಲ್ಲ.

ಮೂಲ ಬರೆಯಿರಿ

ಪ್ರತಿ ಟಿಪ್ಪಣಿಯ ಕೆಳಗೆ ಮೂಲ ಎಂಬ ಒಂದು ಸಾಲು ಇರಲಿ. ಅದರಲ್ಲಿ ಮೂರು ಬಗೆಯಿದೆ: ನೋಡಿದ್ದು, ಓದಿದ್ದು, ಕೇಳಿದ್ದು. ಆದಿಕೇಶವ ಗುಡಿಯ ಕಂಬಗಳನ್ನು ನೀವೇ ಎಣಿಸಿದ್ದರೆ ಅದು ನೋಡಿದ್ದು. ಪುಸ್ತಕದಿಂದ ತೆಗೆದದ್ದಾದರೆ ಪುಸ್ತಕದ ಹೆಸರು, ಪುಟದ ಸಂಖ್ಯೆ ಬೇಕು. ತಿಮ್ಮಪ್ಪನಾಯಕನಿಗೆ ಕೊಪ್ಪರಿಗೆ ಹೊನ್ನು ಸಿಕ್ಕಿ ಕನಕನಾದ ಎಂಬುದು ಜನರ ಬಾಯಲ್ಲಿ ಉಳಿದು ಬಂದ ಐತಿಹ್ಯ. ಅದನ್ನು ಬಿಡಬೇಕಾಗಿಲ್ಲ, ಹಿರಿಯರಿಂದ ಕೇಳಿದ್ದು ಎಂದು ದಿನಾಂಕದ ಸಹಿತ ಬರೆದರೆ ಸಾಕು. ಸರ್ವಜ್ಞನ ಹೆಸರಿನ ಎಲ್ಲ ತ್ರಿಪದಿಗಳೂ ಸರ್ವಜ್ಞನವಲ್ಲ ಎಂದು ಮೇಲೆ ಹೇಳಿದೆವು. ಮೂಲ ಬರೆಯದ ನಮ್ಮ ಟಿಪ್ಪಣಿಗಳಲ್ಲಿಯೂ ನಾಳೆ ಅದೇ ಗೊಂದಲ ಆಗುತ್ತದೆ.

ಈ ವಿಚಾರ ಬಂದ ದಾರಿ

ಗಣಕಕ್ಕಿಂತ ಮೊದಲೇ ಚೀಟಿಗಳಿದ್ದವು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು, ಶಾಸನಗಳಿಂದಲೂ ಕಾವ್ಯಗಳಿಂದಲೂ ಪದಪ್ರಯೋಗಗಳನ್ನು ಚೀಟಿಗಳಲ್ಲಿ ಎತ್ತಿ ಬರೆದು, ಅವುಗಳನ್ನು ಹೊಂದಿಸಿ ಕಟ್ಟಿದ ಕೆಲಸ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90,000 ಚೀಟಿಗಳನ್ನು ಬರೆದಿದ್ದರು. ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟು, ಒಂದು ಚೀಟಿಯಲ್ಲಿ ಇನ್ನೊಂದರ ಸಂಖ್ಯೆ ಬರೆದು ಜೋಡಿಸುತ್ತಿದ್ದರು. ಚೀಟಿ ಪೆಟ್ಟಿಗೆಯಲ್ಲಿ ಎಲ್ಲೇ ಇರಲಿ, ಅದರ ಸಂಖ್ಯೆ ಬದಲಾಗುತ್ತಿರಲಿಲ್ಲ.

ಅಮೆರಿಕದ ಇಂಜಿನಿಯರ್ ವನೇವರ್ ಬುಷ್ 1945ರಲ್ಲಿ ಬರೆದ ಲೇಖನವೊಂದರಲ್ಲಿ 'ಮೆಮೆಕ್ಸ್' ಎಂಬ ಮೇಜಿನಂಥ ಯಂತ್ರವನ್ನು ಕಲ್ಪಿಸಿದರು. ಓದಿದ ಕಾಗದಗಳ ನಡುವೆ ಓದುಗನೇ ಜಾಡು ಹಾಕಿ ಉಳಿಸುವುದು ಅದರ ಉದ್ದೇಶ. ಯಂತ್ರ ತಯಾರಾಗಲಿಲ್ಲ, ವಿಚಾರ ಉಳಿಯಿತು. 1965ರಲ್ಲಿ ಟೆಡ್ ನೆಲ್ಸನ್ ಇಂಥ ಬರಹಕ್ಕೆ 'ಹೈಪರ್‌ಟೆಕ್ಸ್ಟ್' ಎಂಬ ಹೆಸರು ಕೊಟ್ಟರು.

ಎಡಿಟರುಗಳ ಕಡೆಯಿಂದಲೂ ಬೆಳವಣಿಗೆ ನಡೆಯಿತು. ಈಮ್ಯಾಕ್ಸ್ ಎಂಬ ಎಡಿಟರ್ 1976ರಲ್ಲಿ ಅಮೆರಿಕದ ಎಂಐಟಿಯಲ್ಲಿ ಆರಂಭವಾಯಿತು. ಅದರೊಳಗೆ ಕೆಲಸ ಮಾಡುವ 'ಆರ್ಗ್ ಮೋಡ್' ಎಂಬ ವ್ಯವಸ್ಥೆಯನ್ನು 2003ರಲ್ಲಿ ರೂಪಿಸಿದವರು ಕಾರ್ಸ್ಟನ್ ಡೊಮಿನಿಕ್ ಎಂಬ ಖಗೋಳ ವಿಜ್ಞಾನಿ. ತನ್ನ ಟಿಪ್ಪಣಿಗಳನ್ನೂ ಮಾಡಬೇಕಾದ ಕೆಲಸಗಳನ್ನೂ ಹೊಂದಿಸಿಕೊಳ್ಳಲು ಮಾಡಿದ್ದು ಇಂದು ಲೋಕದಾದ್ಯಂತ ಬಳಕೆಯಲ್ಲಿದೆ. ಸಾಲಿನ ಮೊದಲಿಗೆ ನಕ್ಷತ್ರ ಚಿಹ್ನೆ ಹಾಕಿದರೆ ಅದು ಶೀರ್ಷಿಕೆ, ಎರಡು ಹಾಕಿದರೆ ಉಪಶೀರ್ಷಿಕೆ. ಶೀರ್ಷಿಕೆಯ ಕೆಳಗಿನ ಬರಹವನ್ನು ಮಡಿಸಿಡಬಹುದು, ಬೇಕಾದಾಗ ಬಿಚ್ಚಬಹುದು. ಬೇಕೆಂದರೆ ಪ್ರತಿ ಶೀರ್ಷಿಕೆಗೂ ಎಂದೂ ಬದಲಾಗದ ಒಂದು ಗುರುತು ಸಂಖ್ಯೆ ಕೊಡಬಹುದು. ಶೀರ್ಷಿಕೆಯ ಮಾತು ಬದಲಾದರೂ, ಬೇರೆ ಕಡತಕ್ಕೆ ಹೋದರೂ ಆ ಸಂಖ್ಯೆಯ ಮೂಲಕ ಹಾಕಿದ ಕೊಂಡಿ ಕಡಿಯುವುದಿಲ್ಲ.

ಸಾದಾ ಎಡಿಟರಿನಲ್ಲಿ ಈ ಸೌಲಭ್ಯವಿಲ್ಲ. ಕಡತದ ಹೆಸರು ಬದಲಾಯಿಸಿದರೆ ಅದಕ್ಕೆ ಬಂದ ಕೊಂಡಿಗಳೆಲ್ಲ ಕುರುಡಾಗುತ್ತವೆ. ಆದ್ದರಿಂದ ಹೆಸರಿಡುವಾಗಲೇ ಯೋಚಿಸಿ. 'ಹೊಸ ಟಿಪ್ಪಣಿ', 'ಮುಖ್ಯ', 'ಕೊನೆಯದು' ಎಂಬಂಥವು ಹೆಸರುಗಳಲ್ಲ. ವಿಷಯವನ್ನೇ ಹೆಸರಾಗಿಡಿ.

ಯಾವುದನ್ನು ಬರೆಯಬಾರದು?

ಸಾದಾ ಪಠ್ಯವನ್ನು ಯಾರು ಬೇಕಾದರೂ ತೆರೆದು ಓದಬಹುದು. ಅದೇ ಅದರ ಗುಣ, ಅದೇ ಅದರ ಅಪಾಯ. ಪಾಸ್‌ವರ್ಡ್, ಬ್ಯಾಂಕಿನ ವಿವರ, ಆಧಾರ್ ಸಂಖ್ಯೆಗಳನ್ನು ಇಂಥ ಕಡತಗಳಲ್ಲಿ ಬರೆಯಬೇಡಿ. ಗೆಳೆಯರ, ಮನೆಯವರ ಖಾಸಗಿ ಮಾತುಗಳನ್ನು ಶಾಲೆಯ ಗಣಕದಲ್ಲಿ ಇಡಬೇಡಿ. ಹಾಗೆಯೇ ಒಂದೇ ಪ್ರತಿಯನ್ನು ನಂಬಿಕೊಂಡಿರಬೇಡಿ. ಮೊಬೈಲ್ ಬಿದ್ದು ಒಡೆಯಬಹುದು, ಪೆನ್‌ಡ್ರೈವ್ ಕಳೆಯಬಹುದು. ವಾರಕ್ಕೊಮ್ಮೆ ಇಡೀ ಫೋಲ್ಡರನ್ನು ಬೇರೊಂದು ಕಡೆ ನಕಲು ಮಾಡಿಡಿ. ಓಲೆಗರಿಗಳಿಗೆ ಗೆದ್ದಲು ಹಿಡಿದರೂ ರಚನೆಗಳು ಉಳಿದದ್ದು ಯಾರೋ ಇನ್ನೊಂದು ಪ್ರತಿ ಮಾಡಿಟ್ಟಿದ್ದರಿಂದ.

ನೀವೇ ಮಾಡಿ ನೋಡಿ

1. ಗಣಕದಲ್ಲಿ ಒಂದು ಫೋಲ್ಡರ್ ಮಾಡಿ. ನಿಮ್ಮ ಊರಿನ ಬಗ್ಗೆ ಐದು ಚಿಕ್ಕ ಕಡತಗಳನ್ನು ಯುಟಿಎಫ್-8ರಲ್ಲಿ ಉಳಿಸಿ. ಒಂದೊಂದೂ ಹತ್ತು ಸಾಲಿಗೆ ಮೀರದಿರಲಿ.

2. ಪ್ರತಿ ಕಡತದಲ್ಲಿ ಕನಿಷ್ಠ ಒಂದು ಕೊಂಡಿ, ಆ ಕೊಂಡಿಗೆ ಕಾರಣ, ಮತ್ತು ಮೂಲದ ಸಾಲು ಬರೆಯಿರಿ.

3. 'ಸೂಚಿ' ಎಂಬ ಆರನೆಯ ಕಡತ ಮಾಡಿ, ಉಳಿದ ಐದರ ಹೆಸರುಗಳನ್ನು ಆವರಣದೊಳಗೆ ಪಟ್ಟಿ ಮಾಡಿ. ದಾರಿ ತಪ್ಪಿದಾಗ ಇಲ್ಲಿಗೆ ಮರಳಿ ಬನ್ನಿ.

4. ನಿಮ್ಮ ಊರಿನ ಹೆಸರನ್ನು ಏಳು ವಿಭಕ್ತಿಗಳಲ್ಲಿ ಬರೆದು ಒಂದು ಕಡತದಲ್ಲಿಡಿ. ಮೂಲ ಹೆಸರಿನಿಂದ ಹುಡುಕಿದಾಗ ಎಷ್ಟು ರೂಪಗಳು ಸಿಕ್ಕವು, ಎಷ್ಟು ತಪ್ಪಿದವು? ಉಕಾರದಲ್ಲಿ ಕೊನೆಯಾಗುವ ಊರಿಗೂ ಎಕಾರದಲ್ಲಿ ಕೊನೆಯಾಗುವ ಊರಿಗೂ ಫಲಿತಾಂಶ ಹೋಲಿಸಿ.

5. ಬೇರೆ ಬೇರೆ ಪಾಠಗಳಿಗೆ ಸೇರಿದ ಎರಡು ಟಿಪ್ಪಣಿಗಳನ್ನು ಆರಿಸಿ ಕೊಂಡಿ ಹಾಕಿ. ಎರಡರಲ್ಲೂ ಇಲ್ಲದ ಒಂದು ಪ್ರಶ್ನೆ ನಿಮಗೆ ಹೊಳೆಯಿತೇ? ಹೊಳೆದರೆ ಅದನ್ನೇ ಏಳನೆಯ ಕಡತದ ಹೆಸರಾಗಿಡಿ. ಉತ್ತರ ಈಗಲೇ ಬೇಕಿಲ್ಲ.